ಹಲವು ಬ್ರೌಸರಿಗೆ ಒಂದೇ ಚಿತ್ರ

ನಿಮ್ಮ ಮನೆಯ ರೇಡಿಯೋ ಯಾವ ಕಂಪನಿಯದೇ ಆಗಿರಲಿ, ನೆರೆಮನೆಯವರು ಕೇಳುವ ವಾರ್ತೆಯನ್ನೇ ನೀವೂ ಕೇಳುತ್ತೀರಿ. ಅಂತರಜಾಲದ ಚಿತ್ರಗಳಿಗೆ ಈ ಭಾಗ್ಯ ಬಹುಕಾಲ ಇರಲಿಲ್ಲ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಮಳೆಯ ಲೆಕ್ಕವನ್ನು ಯಾರೋ ಗೆರೆಚಿತ್ರವಾಗಿ ಪುಟಕ್ಕೆ ಏರಿಸಿದರೆಂದು ಭಾವಿಸಿಕೊಳ್ಳಿ. ಒಬ್ಬ ರೈತರ ಯಂತ್ರದಲ್ಲಿ ಗೆರೆ ಮೂಡಿತು. ಇನ್ನೊಬ್ಬರಿಗೆ ಕಂಡದ್ದು ಬರಿಯ ಬಿಳಿಯ ಚೌಕ. ಬಿತ್ತನೆಗೆ ಬೇಕಾದ ವಿಷಯ ಇಬ್ಬರಿಗೂ ಬೇಕಾದದ್ದೇ ಅಲ್ಲವೆ?

ಆ ಚೌಕಕ್ಕೆ ಕ್ಯಾನ್ವಾಸ್ ಎಂದು ಹೆಸರು. ಫೋನಿನಲ್ಲಿ ರಂಗೋಲಿಯ ಚುಕ್ಕಿಗಳನ್ನು ಹೇಳಿಕೊಟ್ಟ ಹಾಗೆ, ಇಲ್ಲಿಂದ ಗೆರೆ ಎಳೆ, ಇಲ್ಲಿ ತಿರುಗು, ಒಳಗೆ ಹಸಿರು ತುಂಬು ಎಂಬ ಆಜ್ಞೆಗಳಷ್ಟೇ ಅಲ್ಲಿಗೆ ಬರುತ್ತವೆ. ಪುಟ ತೋರಿಸುವ ತಂತ್ರಾಂಶವಾದ ಬ್ರೌಸರು ಅವನ್ನು ಕೇಳಿ ಚಿತ್ರ ಬರೆಯಬೇಕು. ಆಜ್ಞೆಯ ಭಾಷೆ ಅದಕ್ಕೆ ತಿಳಿಯದಿದ್ದರೆ ಚಿತ್ರವೂ ಇಲ್ಲ.

ಈ ಭಾಷೆಯನ್ನು 2004ರಲ್ಲಿ ಆಪಲ್ ಸಂಸ್ಥೆ ಹೊರತಂದಿತು. 2005ರಲ್ಲಿ ಫೈರ್‌ಫಾಕ್ಸ್, 2006ರಲ್ಲಿ ಒಪೆರಾ ಕಲಿತವು. ಆ ದಿನಗಳಲ್ಲಿ ಬಹು ಮಂದಿ ಬಳಸುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಲಿತದ್ದು 2011ರಲ್ಲಿ, ತನ್ನ 9ನೆಯ ಆವೃತ್ತಿಯಲ್ಲಿ. ನಡುವಣ ವರ್ಷಗಳಲ್ಲಿ ದುಭಾಷಿಯ ಕೆಲಸ ನಡೆಯಿತು. 2006ರಲ್ಲಿ ಗೂಗಲ್ ನೀಡಿದ ಎಕ್ಸ್‌ಪ್ಲೋರರ್‌ಕ್ಯಾನ್ವಾಸ್ ಎಂಬ ಸಣ್ಣ ತಂತ್ರಾಂಶವು ಕ್ಯಾನ್ವಾಸಿನ ಆಜ್ಞೆಗಳನ್ನು ಎಕ್ಸ್‌ಪ್ಲೋರರಿಗೆ ಮೊದಲೇ ಗೊತ್ತಿದ್ದ ವಿಎಂಎಲ್ ಎಂಬ ಭಾಷೆಗೆ ತಿರುಗಿಸುತ್ತಿತ್ತು. ಚಿತ್ರ ಕಾಣುತ್ತಿತ್ತು, ಆದರೆ ಗೆರೆಗಳು ಹೆಚ್ಚಾದಷ್ಟೂ ನಿಧಾನ.

ಅದೇ ವರ್ಷ ಬಂದ ಗೂಗಲ್ ವೆಬ್ ಟೂಲ್‌ಕಿಟ್ಟಿನ ಉಪಾಯ ಬೇರೆ. ತಯಾರಕರು ಜಾವಾದಲ್ಲಿ ಒಮ್ಮೆ ಬರೆದರೆ, ಅದು ಒಂದೊಂದು ಬಗೆಯ ಬ್ರೌಸರಿಗೂ ಪ್ರತ್ಯೇಕ ಪ್ರತಿ ಸಿದ್ಧಪಡಿಸಿ, ಬಂದವರಿಗೆ ಅವರಿಗೆ ತಕ್ಕ ಪ್ರತಿಯನ್ನೇ ಕೊಡುತ್ತದೆ. 2011ರಲ್ಲಿ ಅದು ಕ್ಯಾನ್ವಾಸನ್ನು ಸೇರಿಸಿಕೊಂಡಾಗ ಒಂದು ಒಳ್ಳೆಯ ಪದ್ಧತಿಯನ್ನೂ ಇಟ್ಟಿತು: ಚಿತ್ರ ಬರೆಯುವ ಮುನ್ನ, ಈ ಬ್ರೌಸರಿಗೆ ಕ್ಯಾನ್ವಾಸ್ ಬರುತ್ತದೆಯೇ ಎಂದು ಕೇಳುವುದು. ಬಾರದೆಂದು ತಿಳಿದರೆ ತಯಾರಕರು ಅಂಕಿಗಳ ಪಟ್ಟಿಯನ್ನಾದರೂ ತೋರಿಸಬಹುದು.

ಇಂದಿನ ಬ್ರೌಸರುಗಳೆಲ್ಲ ಗೆರೆ ಎಳೆಯಬಲ್ಲವು. ಆದರೂ ಕನ್ನಡಕ್ಕೆ ಇನ್ನೂ ಎಚ್ಚರ ಬೇಕು. ಕೊತ್ತಗೆರೆ ಎಂಬ ಹೆಸರಿನಲ್ಲಿ ಅಕ್ಷರ ನಾಲ್ಕು; ಗಣಕದ ಸಂಕೇತಗಳು ಒಂಬತ್ತು. ಅವನ್ನು ಬಿಡಿಬಿಡಿಯಾಗಿ ಬರೆಸಿದರೆ ತಕಾರದ ಒತ್ತು ಕಳಚಿಹೋಗುತ್ತದೆ. ಪದವನ್ನು ಇಡಿಯಾಗಿ ಒಪ್ಪಿಸಬೇಕು. ಅಕ್ಷರರೂಪದ ಫಾಂಟು ಅಂತರಜಾಲದಿಂದ ಬರುವುದಾದರೆ ಅದು ಬಂದು ಸೇರಿದ ಮೇಲೆಯೇ ಬರೆಸಬೇಕು. ತಡವಾಗಿ ಬಂದ ಫಾಂಟಿಗಾಗಿ ಕ್ಯಾನ್ವಾಸ್ ತಾನಾಗಿ ತಿದ್ದಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಈ ಚಿತ್ರದ ಒಳಗು ತಿಳಿಯದು. ಚಿತ್ರದ ಸಾರವನ್ನು ಕ್ಯಾನ್ವಾಸಿನೊಳಗೆ ಮಾತಿನಲ್ಲಿ ಬರೆದಿಡಲು ಅವಕಾಶವುಂಟು. ನಿಮ್ಮ ಮನೆಯ ಮಕ್ಕಳು ಇಂಥ ಪುಟಗಳನ್ನು ಕಟ್ಟುವವರಾದರೆ ಅವರಿಗೆ ಇಷ್ಟು ಹೇಳಿ: ತಮ್ಮ ಯಂತ್ರದಲ್ಲಿ ಕಂಡಿತೆಂದು ಕೆಲಸ ಮುಗಿಯಿತೆನ್ನಬಾರದು, ಊರಿನ ಹಳೆಯ ಫೋನಿನಲ್ಲೂ ಒಮ್ಮೆ ತೆರೆದು ನೋಡಲಿ.