ಕೆರೆಯ ನೀರು, ಡೈರಿಯ ಹಾಲು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದೆ. ಲಾಭ, ಬೋನಸ್ಸು, ಕಟ್ಟಡ ಎಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದಿದೆ. ನಾನು ನೀರಿನ ಬಗ್ಗೆ ಮಾತಾಡುತ್ತೇನೆ. ನಗಬೇಡಿ, ಹಾಲಿಗೆ ಬೆರೆಸುವ ನೀರಲ್ಲ ಸ್ವಾಮಿ, ಹಸು ಕುಡಿಯುವ ನೀರು.

ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಅದಕ್ಕೇ ಹಿರಿಯರು ಊರೂರಿಗೆ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಹೋದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಯಾವಾಗ ಅನ್ನೋದು ಅವನ ಕೈಲಿ. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ನೀರು ಕಡಿಮೆಯಾದ ವರ್ಷ ಊರವರು ಕೂತು, ಇಷ್ಟೇ ಗದ್ದೆ ನಾಟಿ ಅಂತ ತೀರ್ಮಾನ ಮಾಡೋರು. ಜಗಳ ಇರಲಿಲ್ಲ ಅಂತಲ್ಲ. ಜಾತಿ, ದೊಡ್ಡವರು, ಚಿಕ್ಕವರು ಎಲ್ಲ ಇತ್ತು. ಆದರೂ ನೀರು ಊರಿನ ಲೆಕ್ಕದಲ್ಲಿತ್ತು.

ಬೋರ್‌ವೆಲ್ ಬಂದ ಮೇಲೆ ಅದು ಒಬ್ಬೊಬ್ಬರ ಲೆಕ್ಕಕ್ಕೆ ಹೋಯಿತು. ನಾನು ಎಸ್.ಎಸ್.ಎಲ್.ಸಿ. ಓದುವ ಹೊತ್ತಿಗೇ ತೋಟದ ಬಾವಿಗಳು ಬತ್ತಿದ್ದವು. ಇನ್ನೂರು ಅಡಿ, ಐನೂರು ಅಡಿ ಅಂತ ಇಳಿದು ಈಗ ಸಾವಿರದ ಐನೂರಕ್ಕೂ ಹೋಗುತ್ತೇವೆ. ಬಹಳ ಕಡೆ ಆ ನೀರಿನಲ್ಲಿ ಫ್ಲೋರೈಡ್, ಹಲ್ಲು ಮೂಳೆ ಎರಡಕ್ಕೂ ಕೇಡು. ಒಡವೆ ಅಡವಿಟ್ಟು ಕೊರೆಸಿದ ಬೋರಿನಲ್ಲಿ ಬರೀ ದೂಳೆದ್ದ ಮನೆಗಳು ನಮ್ಮ ಬೀದಿಗಳಲ್ಲೇ ಇವೆ. ನೀಲಗಿರಿ ಹೊಸದಾಗಿ ನೆಡಬಾರದು ಅಂತ ಸರ್ಕಾರ 2017ರಲ್ಲಿ ಆದೇಶ ಮಾಡಿತು. ಹಳೆಯ ಬೊಡ್ಡೆಗಳು ಚಿಗುರುತ್ತಲೇ ಇವೆ. ಕೆರೆ ಯಾರಿಗೂ ಬೇಡವಾಯಿತು. ಕಾಲುವೆ ಕಿರಿದಾಯಿತು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು.

ಮಳೆಯೂ ಮೊದಲಿನ ಹದದಲ್ಲಿಲ್ಲ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ಎರಡೇ ವರ್ಷ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ! ಹೀಗೆ ಒಮ್ಮೆಗೇ ಸುರಿದು ಹೋಗುವ ಮಳೆಯನ್ನು ಹಿಡಿದಿಡೋದು ಕೆರೆ, ಬೋರ್‌ವೆಲ್ ಅಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ಶುದ್ಧಿ ಸಾಲದು, ಇನ್ನೊಂದು ಹಂತ ಆಗಬೇಕು ಅನ್ನುವ ಕೂಗಿದೆ. ನನಗೂ ಅದು ಸರಿ ಅನ್ನಿಸುತ್ತದೆ. ಅದೇನೇ ಇರಲಿ, ನಮ್ಮ ಕೆರೆ ಆ ಸಾಲಿನಲ್ಲಿಲ್ಲ. ನಮಗೆ ಮಳೆಯೇ ಗತಿ.

ಇನ್ನು ಹಾಲಿಗೆ ಬರೋಣ. ಸೀಮೆಹಸುವಿಗೆ ಹಸಿ ಮೇವು ಬೇಕು. ಬೇಸಿಗೆಯಲ್ಲಿ ಮುಸುಕಿನ ಜೋಳ, ನೇಪಿಯರ್ ಹುಲ್ಲು ಎಲ್ಲ ಬೋರಿನ ನೀರಲ್ಲೇ ಆಗಬೇಕು. ಬೋರು ನಿಂತ ಮನೆಯವರು ಮೊದಲು ಮಾರುವುದು ಹಸುವನ್ನು. ಹಾಗೆ ಮಾರಿ ಬೆಂಗಳೂರು ಸೇರಿದ ಸದಸ್ಯರ ಹೆಸರು ನಮ್ಮ ಪುಸ್ತಕದಲ್ಲಿ ಇನ್ನೂ ಇದೆ, ಹಾಲು ಮಾತ್ರ ಇಲ್ಲ.

ಕೆರೆ ಸರ್ಕಾರದ್ದು, ಸಂಘಕ್ಕೇನು ಕೆಲಸ ಅಂತ ನಿರ್ದೇಶಕರಲ್ಲೇ ಕೆಲವರು ಕೇಳಿದ್ದಾರೆ. ದಿನಕ್ಕೆರಡು ಸಲ ಊರು ಒಂದು ಕಡೆ ಸೇರುವ ಜಾಗ ಈಗ ಇದೊಂದೇ ಅಲ್ಲವೇ? ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ನಾನೊಂದು ಸಲಹೆ ಇಡುತ್ತೇನೆ. ಪಂಚಾಯಿತಿಯ ಒಪ್ಪಿಗೆ ಪಡೆದು ಮಳೆಗಾಲಕ್ಕೆ ಮುಂಚೆ ಗುಡ್ಡದಿಂದ ಕೆರೆಗೆ ಬರುವ ಕಾಲುವೆ ಬಿಡಿಸಬೇಕು. ಮನೆಗೊಂದು ಆಳು, ಜೆಸಿಬಿ ಖರ್ಚು ಊರಿನ ಕೆಲಸಕ್ಕೆಂದು ಲಾಭದಲ್ಲಿ ಎತ್ತಿಟ್ಟ ಹಣದಿಂದ. ಮೊದಲು ಸರ್ವೆ ಮಾಡಿಸಿ ಕಲ್ಲು ನೆಡಿಸಬೇಕು. ಒತ್ತುವರಿ ಮಾಡಿದವರಲ್ಲಿ ನಮ್ಮ ಸದಸ್ಯರಿದ್ದಾರೆ, ನನ್ನ ನೆಂಟರೂ ಇದ್ದಾರೆ. ಹಬ್ಬದ ದಿನ ಹೆಸರು ಬೇಡ. ಸಭೆಯ ದಿನ ಮಾತ್ರ ಬೋನಸ್ ಪಟ್ಟಿಗೆ ಸಹಿ ಹಾಕಿ ಎದ್ದು ಹೋಗಬೇಡಿ, ಈ ವಿಷಯ ಬರುವವರೆಗೂ ಕೂತಿರಿ.