ಕಾಣದ ಕರಡಿಯ ಬಣ್ಣ

ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿರುವ ವಿಷಯ ‘ಮನುಷ್ಯ ತರ್ಕಿಸುವ ಬಗೆ’. ಅಷ್ಟನ್ನೂ ಒಂದೇ ಸಂಜೆಯಲ್ಲಿ ಹೇಳಿ ಮುಗಿಸಬಲ್ಲವರಿದ್ದರೆ ಅವರಿಗೊಂದು ದೊಡ್ಡ ನಮಸ್ಕಾರ. ಇಲ್ಲಿ ಹೇಳಹೊರಟಿರುವುದು ಒಂದು ಕರಡಿಯ ಸಂಗತಿ, ಮತ್ತು ಅದರ ಸುತ್ತ ಇನ್ನೂ ಮುಗಿಯದ ಒಂದು ಜಗಳ.

ಮಾಸ್ಕೋದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ 1931ರಲ್ಲಿ ಒಮ್ಮೆ, 1932ರಲ್ಲಿ ಇನ್ನೊಮ್ಮೆ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋದರು. ಸಾಮೂಹಿಕ ಬೇಸಾಯ ಹೇರುತ್ತಿದ್ದ, ವಯಸ್ಕರಿಗೆ ಅಕ್ಷರ ಕಲಿಸಲು ಸರ್ಕಾರ ಟೊಂಕ ಕಟ್ಟಿ ನಿಂತಿದ್ದ ಕಾಲ. ಬದುಕುವ ರೀತಿ ಬದಲಾದರೆ ಯೋಚಿಸುವ ರೀತಿಯೂ ಬದಲಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಅದನ್ನು ಅವರ ತಲೆಗೆ ಹೊಗಿಸಿದವರು ಗುರುವೂ ಗೆಳೆಯರೂ ಆಗಿದ್ದ ಲೆವ್ ವಿಗೋಟ್‌ಸ್ಕಿ. ಕ್ಷಯದಿಂದ ನರಳುತ್ತಿದ್ದ ಅವರು ಜೊತೆಗೆ ಹೋಗಲಿಲ್ಲ. ಲೂರಿಯಾ ಚಹಾದಂಗಡಿಗಳಲ್ಲಿ ಕೂತು, ಲೋಕಾಭಿರಾಮದ ಮಾತಿನ ನಡುವೆ ಒಗಟು ಒಡ್ಡಿದ ಹಾಗೆ ಪ್ರಶ್ನೆಗಳನ್ನು ತೇಲಿಬಿಡುತ್ತಿದ್ದರು.

ಅವುಗಳಲ್ಲೊಂದು ಹೀಗಿತ್ತು: ಸದಾ ಹಿಮವಿರುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ಇರುವುದು ಆ ಉತ್ತರದಲ್ಲೇ. ಅಲ್ಲಿನ ಕರಡಿಯ ಬಣ್ಣ ಯಾವುದು?

ಕಶ್ಗರ್ ಕಡೆಯ ಹಳ್ಳಿಯಿಂದ ಬಂದ, ಓದುಬರಹ ಬಾರದ, 37 ವರ್ಷದ ಒಬ್ಬಾತನ ಉತ್ತರ ಪ್ರಸಿದ್ಧವಾಗಿದೆ. ತಾನು ಕಂಡದ್ದು ಕರಿ ಕರಡಿ, ಬೇರೆಯದನ್ನು ಕಂಡಿಲ್ಲ, ಒಂದೊಂದು ಸೀಮೆಗೆ ಒಂದೊಂದು ಥರದ ಪ್ರಾಣಿ ಎಂದ. ಲೂರಿಯಾ ಬಿಡಲಿಲ್ಲ: ಹೋಗಲಿ, ನನ್ನ ಮಾತಿನಿಂದ ಏನು ತಿಳಿಯುತ್ತದೆ? ಅಲ್ಲಿಗೆ ಹೋಗಿದ್ದವರಷ್ಟೇ ಅದಕ್ಕೆ ಉತ್ತರ ಹೇಳಬೇಕು ಎಂದ ಆತ. ಅರವತ್ತೋ ಎಂಬತ್ತೋ ದಾಟಿದವನೊಬ್ಬ ಬಿಳಿ ಕರಡಿಯನ್ನು ಕಣ್ಣಾರೆ ಕಂಡು ಬಂದು ಹೇಳಿದರೆ ನಂಬಬಹುದು, ಕಾಣದ ತಾನು ಏನೂ ಹೇಳುವಂತಿಲ್ಲ. ಅಲ್ಲೇ ಇದ್ದ ಉಜ್ಬೆಕ್ ಯುವಕನೊಬ್ಬ ಬಾಯಿ ಹಾಕಿ, ನಿಮ್ಮ ಮಾತಿನ ಪ್ರಕಾರ ಬಿಳಿ ಎಂದಾಯಿತಲ್ಲ ಎಂದು ಹೇಳಿಯೂಬಿಟ್ಟ. ಆತ ಜಗ್ಗಲಿಲ್ಲ. ಹುಂಜಕ್ಕೆ ಗೊತ್ತಿರುವುದನ್ನು ಹುಂಜ ಮಾಡುತ್ತದೆ, ತನಗೆ ಗೊತ್ತಿರುವಷ್ಟನ್ನು ತಾನು ಹೇಳುತ್ತೇನೆ ಎಂದು ಮಾತು ಮುಗಿಸಿದ.

ಕೊಟ್ಟ ಮಾತಿನಿಂದ ಫಲಿತಾಂಶ ತೆಗೆಯುವ ಬುದ್ಧಿ ಇಂಥವರಲ್ಲಿ ಇನ್ನೂ ರೂಪುಗೊಂಡಿಲ್ಲ, ಅದು ಶಾಲೆ ಮತ್ತು ಹೊಸ ಬದುಕಿನ ಜೊತೆ ಬರುತ್ತದೆ ಎಂಬುದು ಲೂರಿಯಾ ತೀರ್ಮಾನ. ಮಾಸ್ಕೋದಲ್ಲಿ ಅದು ಉಜ್ಬೆಕರಿಗೆ ಮಾಡಿದ ಅವಮಾನವಾಗಿ ಕಂಡಿತು. ಹಾಗಾಗಿ ಈ ಅಧ್ಯಯನದ ಪುಸ್ತಕ ಹೊರಬಂದದ್ದು 1974ರಲ್ಲಷ್ಟೇ.

ಇನ್ನು ಜಗಳಕ್ಕೆ ಬರೋಣ. ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರದ ಕೈಪಿಡಿಯಾದ ಅನ್ನಂಭಟ್ಟನ ತರ್ಕಸಂಗ್ರಹ ಹೇಳಿಸಿಕೊಂಡವರು ಸಭೆಯಲ್ಲಿ ಒಬ್ಬಿಬ್ಬರಾದರೂ ಇದ್ದಾರು. ಅವರಿಗೆ ಆ ಕಶ್ಗರದವನು ಅಪರಿಚಿತನಾಗಿ ಕಾಣಬಾರದು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಕಂಡು ಬಂದ ನಂಬಿಗಸ್ತನ ಮಾತು ಶಬ್ದ. ಎರಡು ಪ್ರಮಾಣಗಳನ್ನು, ಅಂದರೆ ತಿಳಿಯುವ ದಾರಿಗಳನ್ನು, ಆತ ಎಣಿಸಿ ಹೇಳಿದ್ದಾನೆ. ಆಪ್ತನಿಗೆ, ಅಂದರೆ ಆ ನಂಬಿಗಸ್ತನಿಗೆ, ಇರಬೇಕಾದ ಯೋಗ್ಯತೆಯನ್ನು ವಯಸ್ಸಿನ ಸಮೇತ ಸೂಚಿಸಿದ್ದಾನೆ. ಆತ ನಿರಾಕರಿಸಿದ್ದು ಅನುಮಾನವನ್ನಲ್ಲ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದನ್ನಲ್ಲ; ಆಧಾರ ಗೊತ್ತಿಲ್ಲದ ವ್ಯಾಪ್ತಿಯನ್ನು, ‘ಇದು ಇದ್ದಲ್ಲೆಲ್ಲ ಅದು’ ಎಂಬ ನಿಯಮವನ್ನು. ಬೆಟ್ಟದಲ್ಲಿ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ ಎಂದರೆ ನೈಯಾಯಿಕ ಸುಮ್ಮನಾಗುವುದಿಲ್ಲ. ಎಲ್ಲಿ ಕಂಡಿದ್ದೀಯ ಎಂದು ಕೇಳುತ್ತಾನೆ. ಹೊಗೆಯೂ ಬೆಂಕಿಯೂ ಜೊತೆಗಿರುವ ಅಡುಗೆಮನೆಯನ್ನು ತೋರಿಸಬೇಕು. ಪ್ರತಿಜ್ಞೆ, ಹೇತು, ಉದಾಹರಣ, ಉಪನಯ, ನಿಗಮನ ಎಂಬ ವಾದದ ಐದು ಅಂಗಗಳಲ್ಲಿ ನಡುವಿನದು ಅದಕ್ಕಾಗಿಯೇ ಇರುವುದು. ಲೂರಿಯಾ ಒಗಟಿನಲ್ಲಿ ಅಡುಗೆಮನೆ ಎಲ್ಲಿದೆ?

ಒಂದು ಸೋಜಿಗ. ಲೂರಿಯಾ ಎರಡನೆಯ ಸಲ ಉಜ್ಬೆಕಿಸ್ತಾನಕ್ಕೆ ಹೋದ 1932ರಲ್ಲೇ ಲಂಡನ್ನಿನಲ್ಲಿ ಎಂ. ಹಿರಿಯಣ್ಣನವರ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅವರು ವರ್ಷಗಟ್ಟಲೆ ಮಾಡಿದ ಪಾಠವೇ ಅದರ ಬುನಾದಿ. ಅಳೆದು ತೂಗಿ ಆಡುವ ಮೇಷ್ಟ್ರು ಎಂದು ಹೆಸರಾದವರು ಅವರು. ಅವರ ಶಿಷ್ಯರ ಶಿಷ್ಯರಲ್ಲೂ ಆ ಗುಣ ಉಳಿದಿತ್ತು: ಹುಡುಗರು ದೊಡ್ಡ ಮಾತು ಆಡಿದರೆ ದೃಷ್ಟಾಂತ ಕೊಡು ಎನ್ನುವರು, ಕೊಡದಿದ್ದರೆ ಕೂತುಕೋ ಎನ್ನುವರು. ಹಿರಿಯಣ್ಣನವರಾಗಲಿ ಲೂರಿಯಾ ಆಗಲಿ ಒಬ್ಬರನ್ನೊಬ್ಬರು ಓದಿದ್ದಕ್ಕೆ ಯಾವ ಸುಳಿವೂ ಇಲ್ಲ. ಓದಿದ್ದರೆ ಚೆನ್ನಾಗಿತ್ತು.

ಲೂರಿಯಾ ಹತ್ತಿರ ಮಾಸ್ಕೋದಲ್ಲಿ ಕಲಿತ ಅಮೆರಿಕದ ಮೈಕೆಲ್ ಕೋಲ್ ಮುಂದೆ ಲೈಬೀರಿಯಾದಲ್ಲಿ ಕೆಲಸ ಮಾಡಿದರು. ಅಲ್ಲಿಯ ಕ್ಪೆಲ್ಲೆ ಜನರನ್ನು ಕುರಿತು ಅವರ ಸಹೋದ್ಯೋಗಿ ಸಿಲ್ವಿಯಾ ಸ್ಕ್ರಿಬ್ನರ್ ಬರೆದ ಒಂದು ಸಂಭಾಷಣೆ ಇದೆ. ಕ್ಪೆಲ್ಲೆ ಗಂಡಸರೆಲ್ಲ ಭತ್ತ ಬೆಳೆಯುವವರು, ಸ್ಮಿತ್ ಭತ್ತ ಬೆಳೆಯುವವನಲ್ಲ, ಅವನು ಕ್ಪೆಲ್ಲೆಯೇ? ಆ ಮನುಷ್ಯನನ್ನು ನೋಡಿಲ್ಲ ಎಂಬ ಉತ್ತರ ಬಂತು. ಗುರುತಿದ್ದವರ ಬಗ್ಗೆ ಹೇಳಬಹುದು, ಗುರುತಿಲ್ಲದವರ ಬಗ್ಗೆ ಹೇಳುವುದು ಕಷ್ಟ, ಇವನ ಗುರುತಿಲ್ಲ. ಗಮನಿಸಿ, ಇದೇ ಒಂದು ಸರಿಯಾದ ತರ್ಕ! ಆಧಾರವಾಕ್ಯ ಮಾತ್ರ ಆತನದೇ. ಲೈಬೀರಿಯಾದವರೇ ಆದ ವಾಯ್ ಜನರಿಗೆ ಶಾಲೆಯ ಹೊರಗೆ ಕಲಿಯುವ ಸ್ವಂತ ಲಿಪಿ ಇದೆ. ಅವರ ನಡುವೆ ಕೋಲ್ ಮತ್ತು ಸ್ಕ್ರಿಬ್ನರ್ ನಡೆಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಒಗಟುಗಳ ಮಟ್ಟಿಗೆ ವ್ಯತ್ಯಾಸ ತಂದದ್ದು ಅಕ್ಷರವಲ್ಲ, ಶಾಲೆ. ಯಾರು ಹೇಳಿದರು ಎಂದು ಕೇಳದೆ ಮೇಷ್ಟ್ರ ಮಾತನ್ನು ಒಪ್ಪಿ ಲೆಕ್ಕ ಮಾಡುವ ಅಭ್ಯಾಸ ಅಲ್ಲಿ ತಾನೇ ಆಗುವುದು. ತೊಟ್ಟಿಗೆ ಎರಡು ನಲ್ಲಿ ಎಂದಾಗ ಯಾರ ಮನೆ ತೊಟ್ಟಿ ಎಂದು ಕೇಳಿದ ಹುಡುಗನಿಗೆ ಅಂಕ ಸಿಕ್ಕಿದ್ದುಂಟೆ?

ಇಷ್ಟಾದ ಮೇಲೆ ಕಶ್ಗರದವನೇ ಗೆದ್ದ ಎನ್ನಬೇಕು. ಆದರೆ ಬ್ರೆಜಿಲ್‌ನ ಶಾಲೆ ಕಾಣದ ವಯಸ್ಕರನ್ನು ಕುರಿತು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಾಲಿಗೆ ತೊಡರುತ್ತದೆ. ಇದೆಲ್ಲ ಬೇರೆ ಗ್ರಹದಲ್ಲಿ ನಡೆಯುವ ಸಂಗತಿ ಎಂದು ಮೊದಲೇ ಹೇಳಿದಾಗ ಅವರು ಅಪರಿಚಿತ ಮಾತಿನಿಂದಲೂ ಚೆನ್ನಾಗಿಯೇ ತರ್ಕಿಸಿದರು. ಶಕ್ತಿ ಇತ್ತು, ಅನುಮತಿ ಬೇಕಿತ್ತು ಎಂದಾಯಿತು. ಹಾಗಾದರೆ ಲೂರಿಯಾ ಅಳೆದದ್ದು ಬುದ್ಧಿಯನ್ನೋ, ಆಟಕ್ಕೆ ಇಳಿಯುವ ಮನಸ್ಸನ್ನೋ? ಸಾಮೂಹಿಕ ಬೇಸಾಯದ ದಿನಗಳಲ್ಲಿ ಮಾಸ್ಕೋದಿಂದ ಬಂದ ಅಧಿಕಾರಸ್ಥನಂಥವನ ಎದುರು, ಕಂಡದ್ದನ್ನಷ್ಟೇ ಹೇಳುತ್ತೇನೆ ಎನ್ನುವುದು ಬರೀ ಜಾಣತನವಾಗಿತ್ತೋ?

ತರ್ಕಸಂಗ್ರಹವೂ ಪೂರ್ತಿ ನಮ್ಮ ಕಡೆಗಿಲ್ಲ. ‘ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ’ ಎಂಬಂಥ ಊಹೆಯ ಮಾತನ್ನು ಅದು ಸಂಶಯ ಮತ್ತು ಭ್ರಮೆಯ ಸಾಲಿನಲ್ಲಿ ಕೂರಿಸುತ್ತದೆ, ಯಥಾರ್ಥ ಜ್ಞಾನದ ಸಾಲಿನಲ್ಲಲ್ಲ. ಆದರೂ ನೈಯಾಯಿಕರು ಹೆಜ್ಜೆಹೆಜ್ಜೆಗೂ ಅದನ್ನೇ ಊರುಗೋಲು ಮಾಡಿಕೊಂಡರು. ವಿಮೆ, ಕಾನೂನು, ಯೋಜನೆ, ಎಲ್ಲವೂ ಇವತ್ತು ಕಾಣದ ಕರಡಿಗೆ ಬಣ್ಣ ಹೇಳುವ ವ್ಯವಹಾರವೇ. ಅದನ್ನು ಕಲಿಯದವನು ಅರ್ಜಿ ಫಾರಂ ಎದುರು ಸೋಲುತ್ತಾನೆ. ಕಲಿತವನು, ಹೇಳಿದ್ದು ಯಾರು ಎಂದು ಕೇಳುವುದನ್ನು ಯಾವಾಗ ಬಿಟ್ಟ? ಎರಡನ್ನೂ ಒಟ್ಟಿಗೆ ಕಲಿಸುವ ಮೇಷ್ಟ್ರು ಇದ್ದಾರೆಯೇ?