ಮನೆಯ ವಿದ್ಯುಚ್ಛಕ್ತಿ: ಪ್ಲಗ್ಗು ಮತ್ತು ಮೂರನೆಯ ತಂತಿ

ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುಚ್ಛಕ್ತಿಯನ್ನು ಪಡೆದು, ಸುಮಾರು ೯೨ ಮೈಲಿಗಳ ದೂರದಲ್ಲಿರುವ ಕೋಲಾರದ ಚಿನ್ನದ ಗಣಿಗಳಿಗೆ ೧೯೦೨ನೆಯ ಇಸವಿಯಲ್ಲಿ ತಂತಿಯ ಮೂಲಕ ಕೊಂಡೊಯ್ದುದು ಆ ಕಾಲಕ್ಕೆ ಒಂದು ಮಹಾಸಾಹಸವೆನಿಸಿತು. ೧೯೦೫ರ ಆಗಸ್ಟ್ ೫ರಂದು ಅದೇ ಶಕ್ತಿಯು ಬೆಂಗಳೂರು ನಗರದ ಬೀದಿದೀಪಗಳನ್ನು ಬೆಳಗಿತು. ಅಲ್ಲಿಂದೀಚೆಗೆ ನಗರವು ಬೆಳೆದ ಪರಿಯನ್ನು ಶ್ರೋತೃಗಳು ಚೆನ್ನಾಗಿ ಬಲ್ಲರು. ೧೮೮೨ರಲ್ಲಿ ಒಂದು ಸಣ್ಣ ಬೇಸಾಯದ ಬೀಡಾಗಿ ಹುಟ್ಟಿದ ವೈಟ್‌ಫೀಲ್ಡ್, ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ೩೩೨ ಎಕರೆ ನೆಲದಲ್ಲಿ ಮೊದಲಾದ ಎಲೆಕ್ಟ್ರಾನಿಕ್ ಸಿಟಿ, ಸಾವಿರಾರು ಸಣ್ಣ ಕಾರ್ಖಾನೆಗಳ ಪೀಣ್ಯ, ಇವೆಲ್ಲವೂ ವಿದ್ಯುಚ್ಛಕ್ತಿಯನ್ನೇ ಉಸಿರಾಗಿ ಮಾಡಿಕೊಂಡು ಬದುಕುವ ಊರುಗಳು.

ಈ ಶಕ್ತಿಯು ಉತ್ಪತ್ತಿಯಾಗುವ ಸ್ಥಳದಿಂದ ನಮ್ಮ ಮನೆಯ ಮೀಟರಿನವರೆಗೆ ಬರುವ ಮಾರ್ಗವನ್ನು ಎಂಜಿನಿಯರುಗಳೂ ಲೈನ್‌ಮನ್ನರೂ ಕಾಯುತ್ತಾರೆ. ಅವರ ಕಾವಲಿನಲ್ಲಿಯೂ ಲೋಪವುಂಟಾದರೆ ಎಂತಹ ಅನಾಹುತವಾಗುವುದೆಂಬುದನ್ನು ೨೦೨೩ರ ನವೆಂಬರ್ ೧೯ರ ಬೆಳಗ್ಗೆ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ವೃತ್ತದ ಬಳಿ ಕಂಡೆವು. ಕಾಲುದಾರಿಯ ಮೇಲೆ ಕಡಿದು ಬಿದ್ದಿದ್ದ ತಂತಿಯನ್ನು ತುಳಿದು ಒಬ್ಬ ತರುಣಿಯೂ ಆಕೆಯ ಒಂಬತ್ತು ತಿಂಗಳ ಮಗುವೂ ಪ್ರಾಣ ಬಿಟ್ಟರು. ಊರೆಲ್ಲ ಮರುಗಿತು, ವಿಚಾರಣೆಗಳಾದುವು. ಅದು ಉಚಿತವೇ ಸರಿ. ಆದರೆ ಗೋಡೆಯ ಸಾಕೆಟ್ಟಿನಿಂದ ಇಸ್ತ್ರಿಪೆಟ್ಟಿಗೆಯವರೆಗೆ ಇರುವ ಒಂದೆರಡು ಗಜದ ವೈರನ್ನು ಕಾಯುವ ಎಂಜಿನಿಯರು ಯಾರು? ಅಲ್ಲಿ ಮನೆಯವರಲ್ಲದೆ ಬೇರೆ ಕಾವಲುಗಾರನಿಲ್ಲ. ಆ ಕೊನೆಯ ಎರಡು ಗಜಗಳ ವಿಚಾರವನ್ನೇ ನಾವು ಇಂದು ಮಾತನಾಡಬೇಕೆಂದಿದ್ದೇವೆ.

ಉಪಕರಣದಿಂದ ಹೊರಡುವ ವೈರಿನೊಳಗೆ ಸಾಮಾನ್ಯವಾಗಿ ಮೂರು ತಂತಿಗಳಿರುತ್ತವೆ. ಒಂದರಲ್ಲಿ ಶಕ್ತಿಯು ಒಳಕ್ಕೆ ಬರುತ್ತದೆ, ಇದು ಫೇಸ್. ಇನ್ನೊಂದರಲ್ಲಿ ಹಿಂದಿರುಗುತ್ತದೆ, ಇದು ನ್ಯೂಟ್ರಲ್. ದೀಪ ಉರಿಯುವುದಕ್ಕೆ, ನೀರು ಕಾಯುವುದಕ್ಕೆ ಈ ಎರಡೇ ಸಾಕು. ಮೂರನೆಯದು ಅರ್ತ್. ಇದರ ಒಂದು ತುದಿ ಉಪಕರಣದ ಲೋಹದ ಮೈಗೂ, ಇನ್ನೊಂದು ತುದಿ ಪ್ಲಗ್ಗು, ಸಾಕೆಟ್ಟುಗಳ ಮೂಲಕ ಹಿತ್ತಿಲಿನ ನೆಲದಲ್ಲಿ ಹೂತ ತಗಡು ಅಥವಾ ಕೊಳವೆಗೂ ಸೇರಿರುತ್ತದೆ. ಎಲ್ಲವೂ ಸರಿಯಾಗಿರುವ ದಿನ ಈ ತಂತಿಗೆ ಕೆಲಸವೇ ಇಲ್ಲ. ಅದಕ್ಕಾಗಿಯೇ ಜನರು ಇದನ್ನು ಅಲಕ್ಷ್ಯ ಮಾಡುತ್ತಾರೆ. ಪ್ಲಗ್ಗು ಬದಲಾಯಿಸುವಾಗ ಹಸಿರು ತಂತಿಯನ್ನು ಕತ್ತರಿಸಿ ಎಸೆಯುತ್ತಾರೆ. ಸಾಕೆಟ್ಟಿಗೆ ಹಿಡಿಸದೆ ಹೋದರೆ ಮೇಲಿನ ಕಡ್ಡಿಯನ್ನು ಮುರಿಯುತ್ತಾರೆ. ಮೂರು ಕಡ್ಡಿಯದನ್ನು ಎರಡು ಕಡ್ಡಿಯದಕ್ಕೆ ಕೂಡಿಸುವ ಅಗ್ಗದ ಸಾಧನವನ್ನು ಅಂಗಡಿಯಿಂದ ತರುತ್ತಾರೆ. ಉಪಕರಣವು ಮೊದಲಿನಂತೆಯೇ ನಡೆಯುತ್ತದೆಯಾದ್ದರಿಂದ, ಕಳೆದುಕೊಂಡುದು ಏನೆಂಬುದು ಯಾರಿಗೂ ತೋರುವುದಿಲ್ಲ.

ಕಳೆದುಕೊಂಡುದು ಇದು. ಇಸ್ತ್ರಿಪೆಟ್ಟಿಗೆಯ ಒಳಗೆ ಫೇಸ್ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿತೆನ್ನೋಣ. ಅರ್ತ್ ಸರಿಯಾಗಿದ್ದರೆ ಶಕ್ತಿಯು ಆ ಸುಲಭ ಮಾರ್ಗವಾಗಿ ಒಮ್ಮೆಗೇ ಬಹಳವಾಗಿ ಹರಿದು ಫ್ಯೂಸು ಕರಗುತ್ತದೆ, ಅಥವಾ ಈಗಿನ ಮನೆಗಳಲ್ಲಿರುವ ಎಂಸಿಬಿ ಕೆಳಕ್ಕೆ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಪೆಟ್ಟಿಗೆಯ ಮೈಯೆಲ್ಲ ೨೩೦ ವೋಲ್ಟುಗಳಿಂದ ತುಂಬಿ, ಯಾರಾದರೂ ಮುಟ್ಟಲೆಂದು ಕಾದಿರುತ್ತದೆ. ‘ಸ್ವಲ್ಪ ಶಾಕ್ ಹೊಡೆಯುತ್ತದೆ, ಚಪ್ಪಲಿ ಹಾಕಿಕೊಂಡು ಮುಟ್ಟು’ ಎಂಬ ಮಾತು ನಮ್ಮ ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ! ಆ ಜುಮ್ಮೆನ್ನುವಿಕೆಯು ಕಾಯಿಲೆಯ ಮೊದಲ ಲಕ್ಷಣ. ಒಣಗಿದ ಕಾಲಿಗೆ ಜುಮ್ಮೆಂದದ್ದು ಒದ್ದೆಯ ಕಾಲಿಗೆ ಮೃತ್ಯುವಾದೀತು.

‘ನಮ್ಮಲ್ಲಿ ಎಂಸಿಬಿ ಇದೆ, ಭಯವಿಲ್ಲ’ ಎನ್ನುವವರುಂಟು. ಇದೊಂದು ದೊಡ್ಡ ಭ್ರಮೆ. ಎಂಸಿಬಿಯು ತಂತಿ ಸುಡದಂತೆ ಕಾಯುವ ಸಾಧನ. ಆರು ಆಂಪಿಯರಿನ ಎಂಸಿಬಿಯು ಆರು ಆಂಪಿಯರು ಮೀರುವವರೆಗೆ ಅಲುಗುವುದಿಲ್ಲ. ಮನುಷ್ಯನ ಎದೆಯ ಮೂಲಕ ಒಂದು ಆಂಪಿಯರಿನ ಹತ್ತನೆಯ ಒಂದು ಭಾಗ ಹರಿದರೂ ಹೃದಯದ ಬಡಿತ ಕೆಟ್ಟುಹೋಗಬಹುದು. ಇಷ್ಟು ಅಲ್ಪವಾದ ಸೋರಿಕೆಯನ್ನು ಗುರುತಿಸುವ ಸಾಧನ ಬೇರೆಯೇ ಇದೆ. ಅದರ ಹೆಸರು ಆರ್‌ಸಿಸಿಬಿ. ಹೋದ ಶಕ್ತಿಗೂ ಹಿಂದಿರುಗಿದ ಶಕ್ತಿಗೂ ೩೦ ಮಿಲಿ ಆಂಪಿಯರುಗಳ ವ್ಯತ್ಯಾಸ ಕಂಡೊಡನೆ, ಕ್ಷಣದ ಒಂದಂಶದಲ್ಲಿ ಅದು ಸಂಪರ್ಕವನ್ನು ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ, ಬೀಳುವುದೋ ಇಲ್ಲವೋ ನೋಡಬೇಕು. ಹಾಗೆಂದು ಅರ್ತ್ ಬೇಡವೆಂದಲ್ಲ, ಇವೆರಡೂ ಜೊತೆಗಿರತಕ್ಕವು.

ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಮೊಬೈಲ್ ಫೋನಿನ ಚಾರ್ಜರಿಗೆ ಎರಡೇ ಕಡ್ಡಿಗಳಿವೆಯಲ್ಲ? ಅದರ ಹೊರಮೈ ಪೂರ್ತಿ ಪ್ಲಾಸ್ಟಿಕ್ಕಿನದು. ಒಳಗೆ ಎರಡು ಪದರದ ರಕ್ಷಣೆಯಿಟ್ಟು ಮಾಡಿರುತ್ತಾರೆ. ಇಸ್ತ್ರಿಪೆಟ್ಟಿಗೆ, ಗ್ರೈಂಡರು, ಫ್ರಿಜ್ಜು, ಗೀಸರುಗಳಂತೆ ಲೋಹದ ಮೈಯುಳ್ಳವಕ್ಕೆ ಈ ನ್ಯಾಯ ಸಲ್ಲದು. ತಯಾರಕನು ಮೂರು ಕಡ್ಡಿ ಕೊಟ್ಟಿದ್ದರೆ ಮೂರೂ ಬೇಕು.

ಇನ್ನು ಪ್ಲಗ್ಗನ್ನು ಕೂಡಿಸುವ ಕ್ರಮ. ಮೊದಲು ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರತೆಗೆದು ಕೈಯಲ್ಲಿ ಹಿಡಿದ ಮೇಲೆಯೇ ಕೆಲಸಕ್ಕೆ ತೊಡಗಬೇಕು. ಉಪಕರಣದೊಡನೆ ಬಂದ ವೈರು ಎಷ್ಟು ದಪ್ಪವಿತ್ತೋ ಅದಕ್ಕಿಂತ ತೆಳ್ಳನೆಯದನ್ನು ಹಾಕಬಾರದು. ಇಸ್ತ್ರಿಪೆಟ್ಟಿಗೆಗೆ ಹತ್ತಿಯ ನೂಲಿನ ಹೆಣಿಗೆಯ ಹೊದಿಕೆಯಿರುವ ವೈರೇ ತಕ್ಕುದು. ಬರಿಯ ಪ್ಲಾಸ್ಟಿಕ್ ಹೊದಿಕೆಯು ಕಾದ ಪೆಟ್ಟಿಗೆಗೆ ತಗುಲಿದರೆ ಕರಗುತ್ತದೆ. ಕಂದು ಬಣ್ಣದ ತಂತಿ ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಗೆರೆಗಳದು ಅರ್ತ್. ಹಳೆಯ ವೈರುಗಳಲ್ಲಿ ಕ್ರಮವಾಗಿ ಕೆಂಪು, ಕಪ್ಪು, ಹಸಿರು ಇರುತ್ತವೆ. ಪ್ಲಗ್ಗಿನ ಒಳಗೆ ಎಲ್, ಎನ್, ಇ ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೊರೆದಿರುತ್ತಾರೆ. ಫೇಸ್ ಎಲ್‌ಗೆ, ನ್ಯೂಟ್ರಲ್ ಎನ್‌ಗೆ, ಅರ್ತ್ ಇ ಎಂಬುದಕ್ಕೆ ಸೇರಬೇಕು. ಇ ಎಂಬ ಕಡ್ಡಿಯೇ ಉದ್ದವಾದುದು, ದಪ್ಪವಾದುದು. ಇದು ಅಲಂಕಾರಕ್ಕಲ್ಲ. ಪ್ಲಗ್ಗು ಒಳಹೋಗುವಾಗ ರಕ್ಷಣೆಯ ತಂತಿ ಮೊದಲು ಕೂಡಬೇಕು, ಹೊರಬರುವಾಗ ಕಡೆಗೆ ಅಗಲಬೇಕು ಎಂಬ ಉದ್ದೇಶದಿಂದ ಹಾಗೆ ಮಾಡಿದ್ದಾರೆ. ಅದೇ ಕಾರಣಕ್ಕಾಗಿ ಪ್ಲಗ್ಗಿನೊಳಗೂ ಹಸಿರು ತಂತಿಯನ್ನು ಇತರ ಎರಡಕ್ಕಿಂತ ಸ್ವಲ್ಪ ಉದ್ದವಾಗಿ ಬಿಡಬೇಕು. ಯಾರಾದರೂ ವೈರನ್ನು ಜಗ್ಗಿದರೆ ಅದು ಕೊನೆಗೆ ಕಿತ್ತುಬರಲಿ.

ತಂತಿಯ ತುದಿಯ ಹೊದಿಕೆಯನ್ನು ಬೇಕಾದಷ್ಟು ಮಾತ್ರ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು, ಸ್ಕ್ರೂ ತಿರುಗುವ ದಿಕ್ಕಿಗೆ ಸುತ್ತಿ ಭದ್ರಪಡಿಸಬೇಕು. ಒಂದು ಎಳೆ ಹೊರಗುಳಿದರೂ ಪಕ್ಕದ ಕಡ್ಡಿಗೆ ತಗುಲಿ ಕಿಡಿ ಹಾರೀತು. ಸ್ಕ್ರೂ ಸಡಿಲವಾಗಿದ್ದರೆ ಆ ಜಾಗ ಕಾದು ಪ್ಲಗ್ಗು ಕಪ್ಪಾಗುತ್ತದೆ. ಮುಟ್ಟಿದಾಗ ಬಿಸಿಯೆನಿಸುವ ಪ್ಲಗ್ಗು ಬೆಂಕಿಯ ಮುನ್ಸೂಚನೆ. ವೈರಿನ ಹೊರಹೊದಿಕೆಯನ್ನು ಪ್ಲಗ್ಗಿನೊಳಗಿನ ಹಿಡಿಕೆಯ ಕೆಳಗೆ ಸೇರಿಸಿ ಬಿಗಿಯಬೇಕು. ಎಳೆತದ ಭಾರವೆಲ್ಲ ಆ ಹಿಡಿಕೆಯ ಮೇಲೆ ಬೀಳಬೇಕೇ ಹೊರತು ತಂತಿಗಳ ಮೇಲಲ್ಲ. ನಡುವೆ ಕಡಿದ ವೈರನ್ನು ಟೇಪು ಸುತ್ತಿ ಬಳಸುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಮೇಲು.

ಸಾಕೆಟ್ಟಿನ ಬಲವನ್ನೂ ತಿಳಿದಿರಬೇಕು. ಸಣ್ಣ ಸಾಕೆಟ್ಟು ಆರು ಆಂಪಿಯರಿನದು. ಅಂದರೆ ಸುಮಾರು ೧೪೦೦ ವಾಟಿನೊಳಗಿನ ಉಪಕರಣಕ್ಕೆ ಮಾತ್ರ. ದೊಡ್ಡದು ಹದಿನಾರು ಆಂಪಿಯರಿನದು. ಅದು ಸುಮಾರು ೩೬೦೦ ವಾಟನ್ನು ತಡೆಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಪಿ.ಜಿ. ಕೊಠಡಿಗಳನ್ನೂ ಪೀಣ್ಯದ ಕಾರ್ಮಿಕರ ಒಂದಂಕಣದ ಮನೆಗಳನ್ನೂ ನೋಡಿದವರಿಗೆ ಅಲ್ಲಿನ ಸ್ಥಿತಿ ಗೊತ್ತು. ಗೋಡೆಯಲ್ಲಿರುವುದು ಒಂದೇ ಸಾಕೆಟ್ಟು. ಅದರಿಂದ ಒಂದು ಎಕ್ಸ್‌ಟೆನ್ಶನ್ ಪೆಟ್ಟಿಗೆ. ಅದರ ಮೇಲೆ ೨೦೦೦ ವಾಟಿನ ಇಂಡಕ್ಷನ್ ಒಲೆ, ೧೫೦೦ ವಾಟಿನ ಕೆಟಲು. ಎರಡೂ ಕೂಡಿದರೆ ಹದಿನೈದು ಆಂಪಿಯರು! ಆರು ಆಂಪಿಯರಿನ ತೆಳ್ಳನೆಯ ವೈರು ಇದನ್ನು ಹೇಗೆ ತಾಳೀತು? ಹದಿನಾರರ ಪ್ಲಗ್ಗನ್ನು ಆರರ ಸಾಕೆಟ್ಟಿಗೆ ಕೂಡಿಸುವ ಕನ್ವರ್ಶನ್ ಪ್ಲಗ್ಗು ಈ ಅಪಾಯವನ್ನು ಇನ್ನಷ್ಟು ಸುಲಭಗೊಳಿಸಿದೆ. ಬಕೆಟ್ಟಿನಲ್ಲಿ ಮುಳುಗಿಸಿ ನೀರು ಕಾಯಿಸುವ ರಾಡಂತೂ ಎಲ್ಲಕ್ಕಿಂತ ಎಚ್ಚರವನ್ನು ಬೇಡತಕ್ಕದ್ದು. ಪ್ಲಗ್ಗನ್ನು ಹೊರಕ್ಕೆ ತೆಗೆಯದೆ, ಬರಿಯ ಸ್ವಿಚ್ಚನ್ನು ನಂಬಿ, ನೀರು ಕಾಯಿತೇ ಎಂದು ಬೆರಳನ್ನು ಅದ್ದಬಾರದು.

ಪ್ಲಗ್ಗಿನ ಕೆಲಸ ಗೃಹಸ್ಥನ ಕೈಯದು. ಗೋಡೆಯ ಒಳಗಿನ ಕೆಲಸವು ಪರವಾನಗಿ ಪಡೆದ ವೈರ್‌ಮನ್ನನದು. ಸಾಕೆಟ್ಟಿನ ಮೇಲಿನ ರಂಧ್ರದ ಹಿಂದೆ ನಿಜವಾಗಿ ಅರ್ತ್ ತಂತಿ ಇದೆಯೇ, ಅದು ನೆಲಕ್ಕೆ ಸೇರಿದೆಯೇ ಎಂದು ಅವನಿಂದ ಪರೀಕ್ಷೆ ಮಾಡಿಸಬೇಕು. ರಂಧ್ರವಿದ್ದು ತಂತಿಯಿಲ್ಲದ ಬಾಡಿಗೆಯ ಮನೆಗಳಿವೆ. ಅಂತಹಲ್ಲಿ ನಾವು ಎಷ್ಟೇ ಜಾಗರೂಕತೆಯಿಂದ ಪ್ಲಗ್ಗು ಕೂಡಿಸಿದರೂ ವ್ಯರ್ಥ. ಬೇಸಗೆಯಲ್ಲಿ ಅರ್ತ್ ಗುಂಡಿಗೆ ನೀರೆರೆಯುವ ಹಳೆಯ ಪದ್ಧತಿಯನ್ನೂ ಬಿಡಬಾರದು. ಒಣಗಿದ ನೆಲವು ಶಕ್ತಿಯನ್ನು ಸುಲಭವಾಗಿ ಸ್ವೀಕರಿಸುವುದಿಲ್ಲ. ಅಕಸ್ಮಾತ್ ಯಾರಿಗಾದರೂ ಶಾಕ್ ತಗುಲಿದರೆ ಅವರನ್ನು ಮುಟ್ಟುವ ಮೊದಲು ಮೈನ್ ಸ್ವಿಚ್ಚನ್ನು ಆರಿಸತಕ್ಕದ್ದೆಂಬುದನ್ನು ಮನೆಯ ಮಕ್ಕಳಿಗೂ ಕಲಿಸಿರಬೇಕು.

ಬಾಡಿಗೆಗೆ ಮನೆ ಕೊಡುವವರಲ್ಲಿ ಒಂದು ವಿಜ್ಞಾಪನೆ. ಹಾಸನ, ರಾಯಚೂರು, ಕಲಬುರಗಿಗಳಿಂದ, ಇನ್ನೂ ದೂರದ ಸೀಮೆಗಳಿಂದ ಮಕ್ಕಳು ದುಡಿಮೆಗಾಗಿ ಈ ಊರಿಗೆ ಬಂದು ನಿಮ್ಮ ಕೊಠಡಿಗಳಲ್ಲಿ ವಾಸಿಸುತ್ತಾರೆ. ಅವರು ಬಾಡಿಗೆಯ ಕರಾರು ಮಾಡಿಕೊಳ್ಳುವಾಗ ನೀರಿನ ವಿಚಾರ ಕೇಳುತ್ತಾರೆ, ಗಾಳಿಬೆಳಕಿನ ವಿಚಾರ ಕೇಳುತ್ತಾರೆ. ಅರ್ತಿನ ವಿಚಾರ ಕೇಳಲು ಅವರಿಗೆ ತೋಚುವುದಿಲ್ಲ. ಕೇಳದಿದ್ದರೂ ಕೊಡತಕ್ಕದ್ದು ಅದು. ಒಂದು ಸರಿಯಾದ ಅರ್ತ್ ಗುಂಡಿಗೂ ಒಂದು ಆರ್‌ಸಿಸಿಬಿಗೂ ಆಗುವ ವೆಚ್ಚ ಮನೆ ಕಟ್ಟಿದ ವೆಚ್ಚದ ಮುಂದೆ ಅತ್ಯಲ್ಪ. ಕೇಳುತ್ತಿರುವ ಉಳಿದವರೆಲ್ಲರೂ ಇಂದು ರಾತ್ರಿ ಮಲಗುವ ಮೊದಲು ತಮ್ಮ ಮನೆಯ ಪ್ಲಗ್ಗುಗಳನ್ನು ಒಂದೊಂದಾಗಿ ಹೊರತೆಗೆದು, ಮೂರನೆಯ ಕಡ್ಡಿ ಇದೆಯೇ, ವೈರಿನ ಹೊದಿಕೆ ಸವೆದಿದೆಯೇ ಎಂದು ನೋಡಬೇಕಾಗಿ ಕೋರುತ್ತೇವೆ. ಅದಕ್ಕೆ ಕಾಲು ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯಲಾರದು.